ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 98

ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ನಾನು ‘ಹೌದು’ ಒತ್ತಿದೆ. ದೇವದುರ್ಗದ ಕಾಲೇಜಿನಲ್ಲಿ ಕಲಿತಿದ್ದ ವಿಂಡೋಸ್ 98 ಅನ್ನು ಮತ್ತೆ ಕಣ್ತುಂಬಿಕೊಳ್ಳುವ ಘನಕಾರ್ಯಕ್ಕೆಂದು, ರಾಯಚೂರಿನ ಮನೆಯಲ್ಲಿ ಹೆಂಡತಿಯ ಲ್ಯಾಪ್‌ಟಾಪಿನೊಳಗೆ ವರ್ಚುವಲ್ ಮಷಿನ್ ಎಂಬ ಸುಳ್ಳು ಕಂಪ್ಯೂಟರ್ ಕಟ್ಟಿದ್ದೆ. ‘ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಅದು ಕೇಳಿತು. ಪದವೀಧರನಾದ ನಾನು ಮೊದಲು ಒಪ್ಪಿ, ಆಮೇಲೆ ಓದಿದೆ. ಆಕೆಯ ಪಿಎಚ್‌ಡಿ ಪ್ರಬಂಧದ ಒಂದೇ ಪ್ರತಿ ಅದೇ ಲ್ಯಾಪ್‌ಟಾಪಿನಲ್ಲಿತ್ತು.

ಅಳಿಸಿದ್ದು ಸುಳ್ಳು ಕಂಪ್ಯೂಟರಿನ ಸುಳ್ಳು ಡಿಸ್ಕನ್ನು ಮಾತ್ರ. ಗಾಬರಿಯಲ್ಲಿ ನನಗದು ಹೊಳೆಯಲೇ ಇಲ್ಲ.

“ಫ್ಯಾನ್ ಕೆಳಗ ಕುಂತು ಯಾಕ ಬೆವರಾಕತ್ತೀರಿ?” ಎಂದಳು ಹೆಂಡತಿ. ಹೇಳಿದೆ. ಅವಳು ಲ್ಯಾಪ್‌ಟಾಪ್ ತನ್ನತ್ತ ತಿರುಗಿಸಿಕೊಂಡು, ಇದ್ದಲ್ಲೇ ಇದ್ದ ಪ್ರಬಂಧವನ್ನು ತೆರೆದು ತೋರಿಸಿದಳು.

“ಮುಂದಿನ ಸಲ ನಿಮ್ಮ ಡಿಗ್ರಿ ಅದರಾಗ ಇಟ್ಟು ಒತ್ರಿ.”

ಪ್ರಬಂಧ ಉಳಿದರೂ ನನ್ನ ಬೆರಳು ಕನಸಿನಲ್ಲಿ ‘ಹೌದು’ ಒತ್ತುತ್ತಲೇ ಇತ್ತು. ಅವಳು ಇನ್ನೊಂದು ಪ್ರತಿಯನ್ನು ಮಾನ್ವಿಯ ತವರಿನ ಟ್ರಂಕಿನಲ್ಲಿಟ್ಟು, ಕೀಲಿಯನ್ನು ತಾಯಿಗೆ ಕೊಟ್ಟು ಬಂದ ಭಾನುವಾರ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.