ಸಿಕ್ ಲೈನಿನಲ್ಲಿ ಕೆಂಚ

ಮಾತಾಡುವ ರೈಲುಗಳ ಕಥೆಯಲ್ಲಿ ಒಳ್ಳೆಯ ರೈಲಿಗೆ ಕೆಲಸವಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಅದು ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಮಗು ಇನ್ನೂ ಎರಡನೆಯ ತುತ್ತಿನಲ್ಲೇ ಇರುತ್ತದೆ. ನಮ್ಮ ಹಳೆಯ ಕಥೆಗಳೂ ಹೀಗೇ. ಬೆಣ್ಣೆ ಕದ್ದವನನ್ನು ಒರಳಿಗೆ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಅದೇ ಬೀದಿಯಲ್ಲಿ ಬೆಣ್ಣೆ ಮುಟ್ಟದೆ ಬೆಳೆದ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲ.

ನಮ್ಮ ಮನೆಯವರಿಗೆ ಇದು ಮೊದಲೇ ಗೊತ್ತಿತ್ತು. ಯಶವಂತಪುರದ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳನ್ನು ರಿಪೇರಿ ಮಾಡುವ ಫಿಟ್ಟರ್ ಆಗಿದ್ದವರು. ನಿವೃತ್ತಿಯ ಮೇಲೆ ಕೊಡಿಗೇಹಳ್ಳಿಯ ನಮ್ಮ ತಾರಸಿಯಲ್ಲಿ, ಐದು ವರ್ಷದ ಮೊಮ್ಮಗಳು ಪುಟ್ಟಿಗೆ ಸಂಜೆ ಅನ್ನ ತಿನ್ನಿಸುತ್ತಾ, ಕೆಂಚ ಎಂಬ ತರಲೆ ಡಬ್ಬಿಯ ಕಥೆ ಹೇಳುತ್ತಿದ್ದರು. ಕೆಂಚ ತಪ್ಪು ಮಾಡಿದರೆ ಬೈಗುಳವಿಲ್ಲ, ಏಟಿಲ್ಲ. ಸಿಕ್ ಲೈನಿಗೆ ಹಾಕುತ್ತಿದ್ದರು. ಕೆಟ್ಟ ಡಬ್ಬಿಗಳನ್ನು ಗಾಡಿಯಿಂದ ಬಿಡಿಸಿ ನಿಲ್ಲಿಸುವ ಹಳಿ ಅದು. ಪಕ್ಕದ ಹಳಿಯಲ್ಲಿ ಉಳಿದವರೆಲ್ಲ ಹರಟುತ್ತಾ ಊರೂರಿಗೆ ಹೋಗುತ್ತಿರುತ್ತಾರೆ. ಕೆಂಚ ಮೂರು ದಿನ ಸುಮ್ಮನೆ ನೋಡುತ್ತಾ ನಿಂತಿರಬೇಕು. ಆಮೇಲೆ ಫಿಟ್ಟರ್ ಬಂದು ಪರೀಕ್ಷಿಸಿ, ಮೈಮೇಲೆ ಸೀಮೆಸುಣ್ಣದಲ್ಲಿ ‘ಫಿಟ್’ ಎಂದು ಬರೆದರೆ ಮಾತ್ರ ಬಿಡುಗಡೆ.

ಕೊನೆಯ ಕಥೆಯಲ್ಲಿ ಕೆಂಚ ಲೆವೆಲ್ ಕ್ರಾಸಿಂಗಿನ ನಡುವೆ ಬ್ರೇಕ್ ಕಚ್ಚಿ ಹಿಡಿದು, ಮದುವೆ ಗಂಡಿನ ಕಾರನ್ನು ಗೇಟಿನ ಆಚೆ ನಿಲ್ಲಿಸಿ, ಮುಹೂರ್ತ ತಪ್ಪಿಸಿದ್ದ. ಅವನು ಸಿಕ್ ಲೈನಿಗೆ ಹೋದ. ಮರುದಿನ ನಮ್ಮ ಮನೆಯವರು ಆಸ್ಪತ್ರೆಗೆ ಹೋದರು. ವಾಪಸ್ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಪುಟ್ಟಿ ತಟ್ಟೆಯ ಮುಂದೆ ಬಾಯಿ ಬಿಗಿದು ಕೂತಳು.

“ಕೆಂಚ ಇನ್ನೂ ಅಲ್ಲೇ ಇದಾನಾ ಅಜ್ಜಿ?”

“ಸಾರಿ ಕೇಳ್ದ ಕಣೇ. ಬಿಟ್ಬಿಟ್ರು.”

“ಸುಳ್ಳು. ಕೆಂಚ ಸಾರಿ ಕೇಳಲ್ಲ.”

ನಿಜ. ಕೆಂಚನನ್ನು ಹುಟ್ಟಿಸಿದವರೂ ಕೇಳಿದ್ದಿಲ್ಲ. ಜಗಳವಾದ ಮರುದಿನ ನಾನು ಏಳುವಷ್ಟರಲ್ಲಿ ಡ್ರಮ್ಮಿಗೆ ನೀರು ತುಂಬಿರುತ್ತಿತ್ತು. ಉಳಿದದ್ದನ್ನು ನಾನೇ ಅರ್ಥ ಮಾಡಿಕೊಳ್ಳಬೇಕಿತ್ತು.

“ಫಿಟ್ ಅಂತ ಯಾರು ಬರೆದ್ರು? ತಾತ ಇಲ್ವಲ್ಲ.”

ನಾನು ತಟ್ಟೆ ಎತ್ತಿಟ್ಟೆ. ಎರಡು ಸಂಜೆ ಅವಳು ಬರೀ ಹಾಲು ಕುಡಿದಳು.

ಮೂರನೆಯ ದಿನ ಯಾರ್ಡಿನಲ್ಲಿ ಅವರ ಜೊತೆಗಿದ್ದ ನಂಜಪ್ಪನವರು ನಮ್ಮನ್ನು ನೋಡಿಕೊಂಡು ಹೋಗಲು ಬಂದರು. ಪುಟ್ಟಿ ಅವರನ್ನೇ ಕೇಳಿಬಿಟ್ಟಳು. ಅವರು ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು, “ಒಬ್ರು ಶಿಫ್ಟ್ ಮುಗೀತು ಅಂತ ಡಬ್ಬೀನ ಅಲ್ಲೇ ಬಿಟ್ಬಿಡ್ತಾರಾ ತಾಯಿ? ಮುಂದಿನ ಶಿಫ್ಟ್‌ನೋರು ನೋಡ್ಕೋತಾರೆ” ಎಂದರು.

“ಮುಂದಿನ ಶಿಫ್ಟು ಯಾರು?”

“ಇನ್ಯಾರು, ನಿಮ್ಮಜ್ಜಿ. ಫಿಟ್ಟರ್ ಜೊತೆ ಮೂವತ್ತೈದು ವರ್ಷ ಟ್ರೈನಿಂಗ್ ಆಗಿದೆ.”

ಅವತ್ತು ಸಂಜೆ ನಾನು ಕೆಂಚನ ಚಕ್ರ ನೋಡಿದೆ, ಬ್ರೇಕು ನೋಡಿದೆ, ಸ್ಪ್ರಿಂಗು ನೋಡಿದೆ. ನನಗೆ ಗೊತ್ತಿದ್ದದ್ದು ಈ ಮೂರೇ ಹೆಸರು, ಹಾಗಾಗಿ ಸ್ಪ್ರಿಂಗನ್ನು ಇನ್ನೊಂದು ಸಲ ನೋಡಿದೆ. ಫಿಟ್ ಎಂದು ಬರೆದೆ. ಪುಟ್ಟಿ ಬಾಯಿ ತೆರೆದಳು. ತಟ್ಟೆಯಲ್ಲಿ ಇನ್ನೂ ಅರ್ಧ ಅನ್ನವಿದ್ದ ಕಾರಣ, ಯಲಹಂಕ ದಾಟುವುದರೊಳಗೆ ಕೆಂಚ ಮುಂದಿನ ಡಬ್ಬಿಗೆ ಗುದ್ದಿ ಅದರ ಟೊಮೇಟೊವನ್ನೆಲ್ಲ ಹಳಿಯ ಮೇಲೆ ಸುರಿಸಿದ. ಇಷ್ಟು ತರಲೆ ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ.

“ಮತ್ತೆ ಸಿಕ್ ಲೈನು” ಎಂದಳು ಪುಟ್ಟಿ, ತೃಪ್ತಿಯಿಂದ. “ಮೂರು ದಿನ.”

“ನಾಳೇನೇ ಬಿಡ್ತೀನಿ.”

“ತಾತ ಮೂರು ದಿನ ಇಡ್ತಿದ್ರು.”

“ಇಡ್ತಿದ್ರು. ಅವನಿಲ್ದೆ ಮೂರು ದಿನ ನಂಗಾಗಲ್ಲ ಕಣೇ.”