ಹೂಮಾಲೆ ಕಟ್ಟಿದ ತಗಡಿನ ಬಾಗಿಲು

ಇಲಾಖೆಯ ವೆಬ್‌ಸೈಟಿನಲ್ಲಿ ನಮ್ಮ ಮನೆಯ ಶೌಚಾಲಯ ‘ಪೂರ್ಣಗೊಂಡಿದೆ’ ಎಂದಿತ್ತು. ಹಿತ್ತಿಲಲ್ಲಿ ಇದ್ದದ್ದು ಮೂರು ಗೋಡೆ ಮಾತ್ರ. ಯಾರಾದರೂ ಬಂದು ನೋಡಿ ಒಪ್ಪಿದರೆ ಚಾವಣಿಗೂ ಬಾಗಿಲಿಗೂ ಸರ್ಕಾರದ ಸಹಾಯಧನದ ಉಳಿದ ಕಂತು ಬರುತ್ತಿತ್ತು. ಪೂರ್ಣಗೊಂಡದ್ದನ್ನು ನೋಡಲು ಯಾರು ಬರುತ್ತಾರೆ? ಮಹಾರಾಷ್ಟ್ರದ ಗಡಿಗೆ ಅಂಟಿದ ಜುಗೂಳದ ಹತ್ತಿರದ ನಮ್ಮ ಊರಿನಲ್ಲಿ ಅವ್ವ ಬೆಳಕು ಹರಿಯುವ ಮುಂಚೆಯೇ ಕಬ್ಬಿನ ಹೊಲದ ಕಡೆ ಹೋಗುತ್ತಿದ್ದಳು. ಬೆಳಗಾವಿಯ ಹಾಸ್ಟೆಲಿನಿಂದ ರಜೆಗೆ ಬಂದಾಗ ನಾನೂ ಹೋಗುತ್ತಿದ್ದೆ. ಎಂ.ಎಸ್ಸಿ. ಸಹಪಾಠಿಗಳಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ.

ಅಪ್ಪ ಕಚೇರಿಗೆ ಅಲೆದು ಸುಮ್ಮನಾಗಿದ್ದ. ಆಗಷ್ಟೇ ಸರ್ಕಾರಿ ಕಚೇರಿಗಳು ಸೋಶಿಯಲ್ ಮೀಡಿಯಾದಲ್ಲಿ ಪುಟ ತೆರೆಯತೊಡಗಿದ್ದವು. ಆ ಇಲಾಖೆಯ ಪುಟದಲ್ಲಿ ಗೋಡೆಗಳ ಚಿತ್ರ ಹಾಕಿ ಎರಡು ಸಾಲು ಬರೆದೆ. ಮರುದಿನವೇ ಉತ್ತರ ಬಂತು. ಅದೇ ವಾರ ಅಧಿಕಾರಿಯೊಬ್ಬರು ಬಂದು, ಹಿತ್ತಿಲಲ್ಲಿ ನಿಂತೇ ಫೋನ್ ಮಾಡಿ ವೆಬ್‌ಸೈಟಿನ ತಪ್ಪನ್ನು ತಿದ್ದಿಸಿದರು. ದೀಪಾವಳಿಯೊಳಗೆ ಚಾವಣಿ ಬಂತು, ನೀಲಿ ತಗಡಿನ ಬಾಗಿಲೂ ಬಂತು.

ಕೆಲಸ ಮುಗಿದ ಮೇಲೆ ಮನೆಯವರನ್ನು ಎದುರಿಗೆ ನಿಲ್ಲಿಸಿ ಫೋಟೋ ತೆಗೆದು, ದೂರು ಬರೆದವರನ್ನು ಟ್ಯಾಗ್ ಮಾಡಿ ಪುಟಕ್ಕೆ ಹಾಕುವುದು ಕಚೇರಿಯ ಪದ್ಧತಿ. ಹೊಸ ಬಾಗಿಲಿಗೆ ಪೂಜೆ ಮಾಡುವುದು ಅವ್ವನ ಪದ್ಧತಿ. ಅಧಿಕಾರಿ ಬರುವಷ್ಟರಲ್ಲಿ ಅವಳು ಇಳಕಲ್ ಸೀರೆ ಉಟ್ಟು, ತಗಡಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಕಟ್ಟಿ, ತೆಂಗಿನಕಾಯಿ ಹಿಡಿದು ನಿಂತಿದ್ದಳು.

“ಏನಬೇ, ಒಳಗ ಯಾವ ದೇವ್ರನ್ನ ಕುಂಡ್ರಿಸೀದಿ?” ಪಕ್ಕದ ಮನೆಯ ಕಾಕು ಗೋಡೆಯಾಚೆಯಿಂದ ನಕ್ಕಳು.

“ಹೊಲಕ್ಕ ಓಡೂದ ತಪ್ಪಿಸಿದ್ದು ದೇವರ ಅಲ್ಲನ? ನಗಬ್ಯಾಡ. ನಿಂದೂ ಆಗ್ಲಿ, ಆರತಿ ನಾನ ಹಿಡೀತೇನಿ,” ಎಂದಳು ಅವ್ವ.

ನಾನು ಅಡುಗೆಮನೆಯಲ್ಲೇ ಉಳಿದಿದ್ದೆ. ಅಧಿಕಾರಿ ಬಿಡಲಿಲ್ಲ. “ತಕರಾರ ಬರದವ್ರ ನೀವರಿ. ನೀವ ಇಲ್ದ ಹೆಂಗ? ಬರ್ರಿ.” ಅವ್ವ ಪೂಜೆಯ ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

ಹಾಸ್ಟೆಲಿಗೆ ಮರಳಿದ ಮೇಲೆ ಮೆಸ್ಸಿನಲ್ಲಿ ಒಬ್ಬಳು ಆ ಫೋಟೋ ತೆರೆದು ಮೊಬೈಲ್ ಎತ್ತಿ ಹಿಡಿದಳು. “ಉದ್ಘಾಟನಿಗೆ ನಮ್ಮನ್ನ ಯಾಕ ಕರೀಲಿಲ್ಲಲೇ? ತಂಬಿಗಿ ಹಿಡಕೊಂಡ ಹೆಂಗ ನಿಂತಾಳ ನೋಡ್ರಿ!”

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗುವೇನೂ ಆಗಿರಲಿಲ್ಲ. ಆದರೂ ನಾನು ತಟ್ಟೆ ಬಿಟ್ಟು ಎದ್ದೆ. ಆ ಬಾಗಿಲು ಬರುವ ಮುಂಚಿನ ಬೆಳಗಿನ ಜಾವಗಳೂ ಅವರಿಗೆ ಕಂಡುಬಿಟ್ಟವು ಎನಿಸಿತು.

ಹೊರಗೆ ಬಂದು ಅಧಿಕಾರಿಗೆ ಫೋನ್ ಮಾಡಿ, ಫೋಟೋ ತೆಗೆದುಹಾಕಿ ಎಂದೆ.

“ತಗೀತೇನ್ರಿ, ಅದೇನ ದೊಡ್ಡ ಕೆಲ್ಸಲ್ಲ. ಆದ್ರ ಅದರ ಕೆಳಗಿನ್ವೂ ಹೋಗ್ತಾವು. ಒಮ್ಮೆ ಓದಿ ಹೇಳ್ರಿ.”

ಕೆಳಗೆ ಕಮೆಂಟುಗಳಿದ್ದವು. ಅಕ್ಕಪಕ್ಕದ ಊರಿನವರು, ಕೆಲವರು ಮರಾಠಿಯಲ್ಲಿ, ‘ನಮ್ದೂ ಪೂರ್ಣ ಅಂತ ತೋರ್ಸಾಕತ್ತೈತ್ರಿ’ ಎಂದು ಬರೆದಿದ್ದರು. ಒಂದೊಂದಕ್ಕೂ ಕಚೇರಿಯವರು ಉತ್ತರ ಕೊಟ್ಟಿದ್ದರು. ನಮ್ಮ ಕಾಕುವೂ ಮಗನ ಫೋನಿನಿಂದ ತನ್ನ ಹಿತ್ತಿಲಿನ ಗೋಡೆಗಳ ಚಿತ್ರ ಹಾಕಿಸಿದ್ದಳು. ಅದರಡಿ ‘ನಾಳೆ ಬರುತ್ತೇವೆ’ ಎಂದಿತ್ತು.

“ಇರಲಿ ಬಿಡ್ರಿ,” ಎಂದೆ.

ಆ ಸಂಜೆ ಅವ್ವ ಫೋನಿನಲ್ಲಿ ಕೇಳಿದಳು: “ನನ್ನ ಫೋಟೋ ಚಂದ ಬಂದೈತೇನ?”

ಚಂದ ಬಂದಿತ್ತು. ಹೌದು ಎಂದೆ.

ಈಗಲೂ ಎಂದಾದರೊಮ್ಮೆ ಯಾರೋ ಆ ಫೋಟೋಗೆ ಲೈಕ್ ಒತ್ತುತ್ತಾರೆ, ಅದು ನನ್ನ ಮೊಬೈಲಿನಲ್ಲಿ ಮೂಡುತ್ತದೆ. ಕೋಣೆಯಲ್ಲಿ ಒಬ್ಬಳೇ ಇದ್ದರೂ ಮೊಬೈಲನ್ನು ಬೋರಲು ಇಡುತ್ತೇನೆ.