ಜೋಡಿ ಗರಗಸದ ಆಚೆ ಹಿಡಿಕೆ

ಗರಗಸ ಜಾಲಿ ಕೊರಡಿನಲ್ಲಿ ಅರ್ಧ ಇಳಿದು ಸಿಕ್ಕಿಕೊಂಡಿದೆ. ಈಚೆ ಹಿಡಿಕೆ ರೇವಮ್ಮನ ಕೈಯಲ್ಲಿ, ಆಚೆಯದು ಗುಲನಾಜಳ ಕೈಯಲ್ಲಿ. ಅಫಜಲಪುರದ ಹೊರಗಿನ ಈ ಕಟ್ಟಿಗೆ ಅಡ್ಡೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ.

“ದೂಡಬ್ಯಾಡ ಬೇ, ಬರೇ ಎಳಿ. ನನ್ನ ಪಾಳಿ ಬಂದಾಗ ಕೈ ಸಡ್ಲ ಬಿಡು,” ಎನ್ನುತ್ತಾಳೆ ರೇವಮ್ಮ.

“ದಿನಾ ಇದನ್ನೇ ಹೇಳ್ತಿ ರೇವಕ್ಕಾ. ಗರಗಸಕ್ಕ ಕಿವಿ ಇದ್ದಿದ್ರ ಅದೂ ಬ್ಯಾಸರ ಮಾಡ್ಕೋತಿತ್ತು.”

ಗಂಡ ತೀರಿಕೊಂಡಾಗ ಅಡ್ಡೆ ಮುಚ್ಚು ಎಂದವರೇ ಹೆಚ್ಚು. ರೇವಮ್ಮ ಮುಚ್ಚಲಿಲ್ಲ. ಹೊಲದ ಬದುವಿನ ಜಾಲಿ ತರಿಸಿ, ಕೊಯ್ದು, ಸೀಳಿ, ಘತ್ತರಗಿಯ ದೇವಿ ಗುಡಿಯಲ್ಲಿ ಹರಕೆಯ ಅಡುಗೆ ಮಾಡುವವರಿಗೂ ಸುತ್ತಲಿನ ಮದುವೆ ಮನೆಗಳಿಗೂ ಕಳಿಸುತ್ತಾಳೆ. ಗಂಡ ಬಿಟ್ಟುಹೋದ ಹಿಡಿಕೆಗೆ ಬಂದವಳು ಪಕ್ಕದ ಓಣಿಯ ಗುಲನಾಜ. ಅವಳ ಮನೆಯ ಒಲೆ ಉರಿಯುವುದೂ ಈ ದುಡಿಮೆಯಿಂದಲೇ. ಸೀಳುವ ಕೊಡಲಿಯನ್ನು ಮಾತ್ರ ರೇವಮ್ಮ ಯಾರ ಕೈಗೂ ಕೊಟ್ಟಿಲ್ಲ, ಅದು ಗಂಡನದು.

ಆ ಕೊಡಲಿಯೇ ಅವಳ ಬಲ ಭುಜ ತಿಂದಿದೆ. ಇನ್ನು ಎತ್ತಬೇಡಿ ಎಂದಿದ್ದಾರೆ ಡಾಕ್ಟರು. ಅಡ್ಡೆ ಉಳಿಯಬೇಕಾದರೆ ಯಂತ್ರ ಬರಬೇಕು. ಯಾವುದು?

ತಮ್ಮ ಧರ್ಮಣ್ಣ ಮೊನ್ನೆ ಅವಳನ್ನು ಜೇವರ್ಗಿಯ ಅಂಗಡಿಗೆ ಕರೆದೊಯ್ದ. ಪೆಟ್ರೋಲ್ ಗರಗಸ ದಿಮ್ಮಿಯನ್ನು ಮೂಲಂಗಿಯಂತೆ ಕೊಯ್ದದ್ದು ನೋಡಿ ಅವಳ ಕಣ್ಣರಳಿತು. ತಾನೇ ಹಿಡಿದು ನೋಡಿದಳು. ನಡುಕ ಮೊಣಕೈವರೆಗೆ ಏರಿತು. ತೊಗಟೆಯಲ್ಲಿ ಮರಳಿದ್ದರೆ ಚೈನಿಗೇನಾಗುತ್ತದೆ, ಹಲ್ಲು ಮಸೆಯುವುದು ಹೇಗೆ ಎಂದೆಲ್ಲ ಕೇಳಿದಳು. ಅಂಗಡಿಯವನು ಅರ ತಂದು ಮಸೆದು ತೋರಿಸಿದ.

“ಇದ ತಗೋ ಅಕ್ಕಾ,” ಎಂದ ಧರ್ಮಣ್ಣ. “ಒಬ್ಬಾಕಿನೇ ಸಾಕಾಗ್ತದ. ಗುಲನಾಜ ಬರೂ ತನಕ ಕಾಯೂದು ಬ್ಯಾಡ.”

ರೇವಮ್ಮ ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟಳು. ಮೂಲೆಯಲ್ಲಿ, ಲಾರಿ ಎತ್ತುವ ಜ್ಯಾಕನ್ನು ಮಲಗಿಸಿ ಎದುರಿಗೆ ದಪ್ಪ ಅಲಗು ನಿಲ್ಲಿಸಿದಂಥ ಒಂದು ಸಾಧನವಿತ್ತು. ಅದೇನೆಂದು ಕೇಳಿದಳು. ಅಂಗಡಿಯವನು ಗಂಟುಗಂಟಿನ ಕೊರಡನ್ನು ನಡುವೆ ಇಟ್ಟು ಹಿಡಿಕೆ ಒತ್ತುತ್ತ ಹೋದ. ಕೊರಡು ಕಿರುಗುಟ್ಟಿ, ತಾನಾಗಿ ಬಾಯಿ ಬಿಟ್ಟಿತು.

“ಒಬ್ರು ಒತ್ತಬೇಕು, ಒಬ್ರು ಕಟ್ಟಿಗಿ ಇಡಬೇಕ್ರಿ. ಕುಂತೇ ಮಾಡಬಹುದು,” ಎಂದ.

ನೋಡೋಣ ಎಂದಷ್ಟೇ ಹೇಳಿ ಬಂದಿದ್ದಾಳೆ. ಕೊಯ್ಯುವಾಗ ನೋವು ಇಬ್ಬರಿಗೆ ಹಂಚಿಹೋಗುತ್ತದೆ, ಸೀಳುವಾಗ ತನಗೊಬ್ಬಳಿಗೇ ಎಂಬುದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಕೊರಡು ತುಂಡಾಗಿ ಬೀಳುತ್ತದೆ. ಗುಲನಾಜ ಮುಖ ಎತ್ತದೆ ಕೇಳುತ್ತಾಳೆ: “ಮಿಷನ್ ಯಾವಾಗ ಬರ್ತದ ಅಕ್ಕಾ?”

“ಬರ್ತದ, ಬಿಡು.”

ರೇವಮ್ಮ ತುಂಡುಗಳ ನಡುವೆ ಹುಡುಕಿ, ಒಂದೇ ಎತ್ತರದ ಎರಡು ಗಿಡ್ಡ ದಿಮ್ಮಿಗಳನ್ನು ಆರಿಸಿ ಗೋಡೆಗೆ ಒತ್ತಿ ಇಡುತ್ತಾಳೆ. ಒಂದರ ಮೇಲೆ ಕೂತು ನೋಡುತ್ತಾಳೆ.

“ಅವು ಮಾರೂದಲ್ಲೇನ?”

“ಅಲ್ಲ. ಇರ್ಲಿ, ಮಿಷನ್ ಬಂದಾಗ ಇಬ್ರಿಗೂ ಕುಂದ್ರಾಕ ಬೇಕಲ್ಲ.”